ಕಾದಂಬರಿಯ ಮೊದಲ ಕರಡನ್ನು ತಿದ್ದುವ ಕ್ರಮ

ಮೊದಲ ಕರಡು ಮುಗಿಸಿ, ಒಂದನೆಯ ಪುಟದಿಂದಲೇ ಕಾಗುಣಿತ ತಿದ್ದುತ್ತ ಹೋಗಿ, ನಾಲ್ಕನೆಯ ಅಧ್ಯಾಯದಲ್ಲಿ ಸಿಕ್ಕಿಕೊಂಡಿದ್ದೇನೆ ಎಂದು ಬರೆದಿದ್ದೀರಿ. ಆ ಕೆಲಸವನ್ನು ಸದ್ಯಕ್ಕೆ ನಿಲ್ಲಿಸಿ. ನಾಳೆ ಕಿತ್ತುಹಾಕಬೇಕಾಗಿ ಬರಬಹುದಾದ ಅಧ್ಯಾಯದ ಒತ್ತಕ್ಷರಗಳನ್ನು ಇಂದು ಸರಿಪಡಿಸುವುದು ವ್ಯರ್ಥ ಶ್ರಮ; ಮಿಗಿಲಾಗಿ, ಕಷ್ಟಪಟ್ಟು ಒಪ್ಪ ಮಾಡಿದ ಪುಟವನ್ನು ಆಮೇಲೆ ತೆಗೆದುಹಾಕಲು ಮನಸ್ಸೂ ಬರುವುದಿಲ್ಲ.

ಕೆಲವು ವಾರ ಹಸ್ತಪ್ರತಿಯನ್ನು ಮುಟ್ಟದೆ ಇಟ್ಟು, ನಂತರ ಮುದ್ರಿಸಿಕೊಂಡು, ಪೆನ್ನು ಹಿಡಿಯದೆ ಒಮ್ಮೆ ಪೂರ್ತಿ ಓದಿ. ಎರಡನೆಯ ಓದಿನಲ್ಲಿ ಪ್ರತಿ ಅಧ್ಯಾಯಕ್ಕೂ ಯಾವ ಊರು, ಯಾವ ತಿಂಗಳು, ಯಾರಿಗೆ ಎಷ್ಟು ವಯಸ್ಸು, ಏನು ಬದಲಾಯಿತು ಎಂದು ಗುರುತು ಹಾಕಿಕೊಳ್ಳಿ. ಏನೂ ಬದಲಾಗದ ಅಧ್ಯಾಯವನ್ನು ಬಿಡಬಹುದು, ಇಲ್ಲವೇ ಪಕ್ಕದ್ದರೊಡನೆ ಸೇರಿಸಬಹುದು. ಕಾಲದ ಎಡವಟ್ಟುಗಳೂ ಈ ಪಟ್ಟಿಯಲ್ಲೇ ಹೊರಬೀಳುತ್ತವೆ. ನಿಮ್ಮ ಕಥೆ 1968ರಲ್ಲಿ ಆರಂಭವಾಗುತ್ತದೆ ಎಂದಿದ್ದೀರಿ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಆದ್ದರಿಂದ ಆರಂಭದ ಅಧ್ಯಾಯಗಳ ಸರ್ಕಾರಿ ಕಾಗದಪತ್ರಗಳಲ್ಲಿ ‘ಮೈಸೂರು ಸರ್ಕಾರ’ ಎಂದೇ ಇರಬೇಕು.

ಭಾಷೆ ತಿದ್ದುವಾಗ ಹೆಚ್ಚು ಸಮಯ ಬೇಡುವುದು ಸಂಭಾಷಣೆ. ಒಬ್ಬೊಬ್ಬ ಪಾತ್ರದ ಮಾತುಗಳನ್ನಷ್ಟೇ ಸಾಲಾಗಿ ತೆಗೆದುಕೊಂಡು ಗಟ್ಟಿಯಾಗಿ ಓದಿ. ಗಂಡನಿಗೆ ‘ನೀವು’ ಎನ್ನುತ್ತಿದ್ದ ಹೆಂಡತಿ ಇದ್ದಕ್ಕಿದ್ದಂತೆ ‘ನೀನು’ ಎಂದರೆ ಅದಕ್ಕೆ ಕಥೆಯೊಳಗೆ ಕಾರಣವಿರಬೇಕು. ‘ಬರ್ತೇನಿ’ ಎನ್ನುವ ಧಾರವಾಡದ ಅಜ್ಜಿಯ ಬಾಯಿಗೆ ಮೈಸೂರಿನ ‘ಬರ್ತೀನಿ’ ನುಸುಳಿರುವುದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ.

ಕಾಗುಣಿತದ ಸರದಿ ಇದೆಲ್ಲ ಮುಗಿದ ಮೇಲೆ. ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚಿಸಿದ ಹಳೆಯ ಕಡತವನ್ನು ಯೂನಿಕೋಡಿಗೆ (ಎಲ್ಲ ಗಣಕಗಳಿಗೂ ಸಮಾನವಾದ ಅಕ್ಷರ ಸಂಕೇತ ಕ್ರಮಕ್ಕೆ) ಪರಿವರ್ತಿಸಿದ್ದರೆ ಅರ್ಕಾವತ್ತನ್ನೂ ಒತ್ತಕ್ಷರಗಳನ್ನೂ ವಿಶೇಷವಾಗಿ ಗಮನಿಸಿ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಬಿದ್ದಿದ್ದರೆ ಓದುವಾಗ ಕಾಣುವುದಿಲ್ಲ, ಆದರೆ ‘ಬಂದ’ ಎಂದು ಹುಡುಕಿದಾಗ ಆ ಪದ ಸಿಗುವುದೂ ಇಲ್ಲ. ಹಾಗಾಗಿ ‘೦’ ಅನ್ನೇ ಪ್ರತ್ಯೇಕವಾಗಿ ಹುಡುಕಿ. ‘ಧೃಡ’, ‘ಉಚ್ಛಾರ’, ‘ಮಧ್ಯಾನ್ಹ’ ಮುಂತಾದವು ‘ದೃಢ’, ‘ಉಚ್ಚಾರ’, ‘ಮಧ್ಯಾಹ್ನ’ ಆಗಬೇಕು. ವಿಭಕ್ತಿ ಪ್ರತ್ಯಯ ಅಂಟಿಕೊಂಡ ರೂಪಗಳು ಲೆಕ್ಕವಿಲ್ಲದಷ್ಟಿರುವುದರಿಂದ ಕಾಗುಣಿತ ಪರೀಕ್ಷಕ ತಂತ್ರಾಂಶವೊಂದನ್ನೇ ನೆಚ್ಚಬೇಡಿ. ಪಾತ್ರದ ಹೆಸರನ್ನು ಒಂದೇ ಏಟಿಗೆ ಬದಲಿಸುವ ಸಾಹಸವೂ ಬೇಡ: ‘ರಾಮ’ನನ್ನು ‘ಸೋಮ’ನಾಗಿಸಲು ಹೊರಟರೆ ‘ವಿರಾಮ’ ‘ವಿಸೋಮ’ವಾಗುತ್ತದೆ, ‘ಗ್ರಾಮ’ದ ಗತಿ ಇನ್ನೂ ಕೆಟ್ಟದ್ದು.

ಕೊನೆಯ ಪ್ರೂಫನ್ನು ಪುಟವಿನ್ಯಾಸವಾದ ಮೇಲೆ, ಕಾಗದದ ಮೇಲೆಯೇ ನೋಡಬೇಕು. ಸಾಲು ತಪ್ಪಿಹೋಗುವುದು, ಪುಟಸಂಖ್ಯೆ ಕೆಡುವುದು ಆ ಹಂತದಲ್ಲಿಯೇ. ಅದನ್ನು ಕಥೆ ಗೊತ್ತಿಲ್ಲದ ಇನ್ನೊಬ್ಬರಿಂದ ಓದಿಸಿ. ‘ಕಛೇರಿ’ಯೋ ‘ಕಚೇರಿ’ಯೋ, ‘ಸರ್ಕಾರ’ವೋ ‘ಸರಕಾರ’ವೋ ಎಂಬ ನಿಮ್ಮ ಆಯ್ಕೆಗಳ ಪಟ್ಟಿಯೊಂದನ್ನು ಪ್ರತಿಯ ಜೊತೆಗೇ ಅವರಿಗೆ ಕೊಡಿ.