ಅಕ್ರೋಪೋರಾದ ತುದಿ ಬೆಳ್ಳಗಾಗುತ್ತಿರುವ ಬಗ್ಗೆ

ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಯಿದ್ದು, ಆಲ್ಕಲಿನಿಟಿ (ನೀರಿನಲ್ಲಿ ಕರಗಿರುವ ಕಾರ್ಬೊನೇಟ್, ಬೈಕಾರ್ಬೊನೇಟ್‌ಗಳ ಅಳತೆ; ಅದರ ಮಾನ ಡಿಕೆಎಚ್) 11 ಡಿಕೆಎಚ್ ಇರುವ ನಿಮ್ಮ ಉಪ್ಪುನೀರಿನ ಅಕ್ವೇರಿಯಂ ಟ್ಯಾಂಕಿನಲ್ಲಿ ಅಕ್ರೋಪೋರಾ ಎಂಬ ಕವಲು ಹವಳದ ತುದಿಗಳು ಬೆಳ್ಳಗಾಗುತ್ತಿರುವುದೇಕೆ ಎಂದು ಕೇಳಿದ್ದೀರಿ. ಬೆಳೆಯುತ್ತಿರುವ ತುದಿ ಸಹಜವಾಗಿಯೇ ಬಿಳಿಯಾಗಿರುವುದರಿಂದ ಮೊದಲು ಭೂತಗನ್ನಡಿಯಲ್ಲಿ ನೋಡಿ: ಅಲ್ಲಿ ಜೀವಂತ ಅಂಗಾಂಶದ ಪದರವಿದ್ದರೆ ಚಿಂತೆಯಿಲ್ಲ; ಬರಿಯ ಸುಣ್ಣದ ಅಸ್ಥಿ ಕಂಡು, ಅದರ ಮೇಲೆ ಪಾಚಿ ಹಿಡಿಯುತ್ತಿದ್ದರೆ ತುದಿ ಸತ್ತಿದೆ ಎಂದೇ ತಿಳಿಯಬೇಕು.

ನನ್ನ ಅನುಮಾನ ಆ ಎರಡು ಸೊನ್ನೆಗಳ ಮೇಲೆಯೇ. ಹವಳದ ಅಂಗಾಂಶದೊಳಗೆ ವಾಸಿಸುವ ಜೂಸ್ಯಾಂಥೆಲ್ಲೆ ಪಾಚಿಗೆ ನೈಟ್ರೇಟ್, ಫಾಸ್ಫೇಟ್‌ಗಳಲ್ಲಿರುವ ಸಾರಜನಕ, ರಂಜಕಗಳು ಬೇಕೇ ಬೇಕು; ಅವು ಸಿಗದಿರುವಾಗ, ಸಮುದ್ರದ ನೀರಿನಲ್ಲಿರುವ ಸುಮಾರು 7 ಡಿಕೆಎಚ್‌ಗಿಂತ ಬಹಳ ಮೇಲಿರುವ ಆಲ್ಕಲಿನಿಟಿಯು ಅಸ್ಥಿಯ ಬೆಳವಣಿಗೆಯನ್ನು ಅವಸರಪಡಿಸುವುದರಿಂದ ಅಂಗಾಂಶ ಹಿಂದೆ ಬೀಳುತ್ತದೆ ಎಂಬುದು ಹವಳ ಸಾಕುವವರಲ್ಲಿ ಬಳಕೆಯಲ್ಲಿರುವ, ನನಗೂ ಸರಿಯೆನಿಸುವ ವಿವರಣೆ.

ಫಾಸ್ಫೇಟ್ ಹೀರುವ ಮಾಧ್ಯಮ ಹಾಕಿದ್ದರೆ ತೆಗೆಯಿರಿ, ಮೀನುಗಳಿಗೆ ಆಹಾರ ಸ್ವಲ್ಪ ಹೆಚ್ಚಿಸಿ, ನೈಟ್ರೇಟ್ 2ರಿಂದ 5 ಪಿಪಿಎಂ (ದಶಲಕ್ಷಕ್ಕೆ ಇಷ್ಟು ಭಾಗ), ಫಾಸ್ಫೇಟ್ 0.03ರಿಂದ 0.08 ಪಿಪಿಎಂ ಆಗುವವರೆಗೆ ಕಾಯಿರಿ. ಆಲ್ಕಲಿನಿಟಿಯನ್ನು ದಿನಕ್ಕೆ ಅರ್ಧ ಡಿಕೆಎಚ್ ಮೀರದಂತೆ 8ರ ಹತ್ತಿರಕ್ಕೆ ಇಳಿಸಿ, ಅಲ್ಲಿಯೇ ನಿಲ್ಲಿಸಿ. ಅಂಕಿ ಎಷ್ಟೆಂಬುದಕ್ಕಿಂತ ಅದು ಏರಿಳಿಯದಿರುವುದೇ ಅಕ್ರೋಪೋರಾಗೆ ಮುಖ್ಯ. ಈ ಅವಧಿಯಲ್ಲಿ ದೀಪದ ತೀವ್ರತೆಯನ್ನು ಮಾತ್ರ ಮುಟ್ಟಬೇಡಿ; ನೀರು, ದೀಪ ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.