ಫ್ಲೀಟ್ ಫಾಕ್ಸಸ್ ಅನ್ನೋ ಸಂಗೀತ ತಂಡದ ಮೊದಲ ಆಲ್ಬಂನ ಹೊದಿಕೆಯಲ್ಲಿರುವ ಹಳೇ ಚಿತ್ರ ಯಾವುದು?

ಅದು ಪೀಟರ್ ಬ್ರೂಗೆಲ್ 1559ರಲ್ಲಿ ಬರೆದ ‘ನೆದರ್ಲೆಂಡಿಷ್ ಪ್ರಾವರ್ಬ್ಸ್’ ಅನ್ನೋ ಚಿತ್ರ. ಈಗ ಬರ್ಲಿನ್ನಿನ ಮ್ಯೂಸಿಯಂನಲ್ಲಿದೆ. ದೂರದಿಂದ ನೋಡಿದರೆ ಸುಮ್ನೆ ಒಂದು ಹಳ್ಳಿಯ ಗಲಾಟೆ. ಹತ್ತಿರ ಹೋದರೆ ಒಬ್ಬೊಬ್ಬರೂ ಒಂದೊಂದು ಡಚ್ ಗಾದೆ! ನೂರಕ್ಕೂ ಜಾಸ್ತಿ ಇವೆ. ಒಬ್ಬ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಾನೆ. ಇನ್ನೊಬ್ಬ ಕರು ಮುಳುಗಿದ ಮೇಲೆ ಬಾವಿ ಮುಚ್ಚುತ್ತಿದ್ದಾನೆ. ನಮ್ಮಲ್ಲಿ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತೀವಲ್ಲ, ಅದೇ.

ಅಮೆರಿಕದ ಸಿಯಾಟಲ್‌ನ ಈ ತಂಡ 2008ರಲ್ಲಿ ಐದು ಹಾಡುಗಳ ಇಪಿ, ಅಂದರೆ ಆಲ್ಬಂಗಿಂತ ಚಿಕ್ಕ ಸಂಗ್ರಹ, ತಂದಿತು. ಪೂರ್ಣ ಆಲ್ಬಂ ಬಂದಿದ್ದು ಅದೇ ವರ್ಷದ ಜೂನ್‌ನಲ್ಲಿ, ಸಬ್ ಪಾಪ್ ಕಂಪನಿಯಿಂದ. ಹನ್ನೊಂದು ಹಾಡುಗಳು, ಗಾಯಕ ರಾಬಿನ್ ಪೆಕ್ನೋಲ್ಡ್. ಹಲವು ದನಿಗಳು ಒಂದರ ಮೇಲೊಂದು ಸೇರುವ ಆ ಹಾಡುಗಾರಿಕೆಗೆ ಈ ಜನಜಂಗುಳಿಯ ಚಿತ್ರ ಚೆನ್ನಾಗೇ ಹೊಂದುತ್ತೆ, ಅಲ್ವಾ?