ಪಿಸಿಆರ್ ನೆಗೆಟಿವ್ ಬಂದರೆ ವೈರಸ್ ಇರಲೇ ಇಲ್ಲ ಅಂತಾನಾ?

ನೀವು ಕೇಳಿದ್ದು ಇಷ್ಟು: ಅಕ್ಕನ ಮಗನಿಗೆ ನೆಗಡಿ, ಜ್ವರ ಬಂದು ಹೋದ ಮೇಲೆ ಒಂದು ಕೈ ಸೋತಿದೆ. ಬೆನ್ನಿಂದ ನೀರು ತೆಗೆದು ಮಾಡಿದ ಪಿಸಿಆರ್ ನೆಗೆಟಿವ್. ಎಲ್ಲ ವೈರಸ್‌ಗಳನ್ನೂ ಒಟ್ಟಿಗೆ ನೋಡುವ ಆ್ಯಂಟಿಬಾಡಿ ಟೆಸ್ಟ್ ಮಾಡಿಸಬಹುದಾ?

ನಾನು ಡಾಕ್ಟರ್ ಅಲ್ಲ, ಲ್ಯಾಬಿನವನು. ಹುಡುಗನಿಗೆ ಏನಾಗಿದೆ ಅಂತ ನಾನು ಹೇಳಬಾರದು. ಟೆಸ್ಟ್ ಬಗ್ಗೆ ಹೇಳಬಲ್ಲೆ.

ಪಿಸಿಆರ್ ಹುಡುಕುವುದು ವೈರಸ್ಸನ್ನೇ. ಕೈ ಸೋಲುವ ಹೊತ್ತಿಗೆ ಎಷ್ಟೋ ಸಲ ಅದು ಬೆನ್ನುನೀರಿನಲ್ಲಿ ಸಿಗುವುದಿಲ್ಲ. ಕಳ್ಳ ಓಡಿದ ಮೇಲೆ ಮನೆ ಜಾಲಾಡಿದ ಹಾಗೆ. ಆದರೆ ಅದರ ವಿರುದ್ಧ ಹುಟ್ಟಿದ ಆ್ಯಂಟಿಬಾಡಿ ಉಳಿದಿರುತ್ತದೆ. ಜಪಾನೀಸ್ ಎನ್ಸೆಫಲೈಟಿಸ್ ಅನ್ನುವ ಮೆದುಳು ಜ್ವರಕ್ಕೆ ನಾವು ಇಲ್ಲಿ ಮಾಡುವ ಆ್ಯಂಟಿಬಾಡಿ ಟೆಸ್ಟ್, ಐಜಿಎಂ ಎಲೈಸಾ, ನಿಂತಿರುವುದೂ ಇದರ ಮೇಲೇ. ಟೆಸ್ಟ್ ತಟ್ಟೆಯ ಪುಟ್ಟ ಗುಂಡಿಗೆ, ಬಣ್ಣ ಬರಿಸುವ, ನೀರಿನಷ್ಟೇ ತಿಳಿಯಾದ ದ್ರವದ ಒಂದು ಹನಿ ಹಾಕುತ್ತೇವೆ. ಪಾಸಿಟಿವ್ ಆದರೆ ಗುಂಡಿ ನೀಲಿಯಾಗುತ್ತದೆ, ಕೊನೆಗೆ ಆ್ಯಸಿಡ್ ಬಿಟ್ಟರೆ ಹಳದಿ. ತೊಂದರೆ ಏನೆಂದರೆ, ಯಾವ ವೈರಸ್ ಅಂತ ಮೊದಲೇ ಊಹಿಸಿರಬೇಕು.

ನೀವು ಹೇಳುವ ಟೆಸ್ಟ್ ಬಹುಶಃ ವೈರ್‌ಸ್ಕ್ಯಾನ್. ಹಾರ್ವರ್ಡ್‌ನ ಸ್ಟೀಫನ್ ಎಲೆಡ್ಜ್ ಲ್ಯಾಬಿನದ್ದು. ಬ್ಯಾಕ್ಟೀರಿಯಾ ತಿನ್ನುವ ಫೇಜ್ ಎಂಬ ವೈರಸ್‌ಗಳ ಮೈಮೇಲೆ ಬೇರೆ ಬೇರೆ ವೈರಸ್‌ಗಳ ಪ್ರೋಟೀನ್ ತುಣುಕು ಕೂರಿಸುತ್ತಾರೆ. ರೋಗಿಯ ಆ್ಯಂಟಿಬಾಡಿ ಯಾವುದನ್ನು ಹಿಡಿಯಿತೋ ಆ ಫೇಜ್‌ನ ಡಿಎನ್ಎ ಓದಿದರೆ ಆಯಿತು, ಊಹೆ ಬೇಕಿಲ್ಲ.

ಅಮೆರಿಕದಲ್ಲಿ 2014, 2016, 2018ರಲ್ಲಿ ಮಕ್ಕಳಿಗೆ ಪೋಲಿಯೋ ತರಹದ ಕಾಯಿಲೆ ಜಾಸ್ತಿ ಬಂತು, ಹೆಸರು ಎಎಫ್ಎಂ (ಅಕ್ಯೂಟ್ ಫ್ಲಾಸಿಡ್ ಮೈಲೈಟಿಸ್). ಪೋಲಿಯೋ ವೈರಸ್‌ನ ಬಳಗವಾದ ಎಂಟೆರೋವೈರಸ್ ಮೇಲೆ ಅನುಮಾನವಿತ್ತು. ಬೆನ್ನುನೀರಿನಲ್ಲಿ ಮಾತ್ರ ಸಿಗುತ್ತಿದ್ದದ್ದು ತೀರ ಅಪರೂಪ. 2019ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೈಕೆಲ್ ವಿಲ್ಸನ್ ತಂಡ ಇಂಥ 42 ಮಕ್ಕಳ ಬೆನ್ನುನೀರನ್ನು ವೈರ್‌ಸ್ಕ್ಯಾನ್‌ಗೆ ಹಾಕಿತು. ಸುಮಾರು 70% ಮಕ್ಕಳಲ್ಲಿ ಎಂಟೆರೋವೈರಸ್ ಆ್ಯಂಟಿಬಾಡಿ! ಬೇರೆ ನರದ ಕಾಯಿಲೆಯಿದ್ದ 58 ಮಕ್ಕಳಲ್ಲಿ ಅದು 7% ಅಷ್ಟೇ. ಬೆನ್ನುನೀರಿನಲ್ಲಿ ಸಿಕ್ಕಿದ್ದೇ ಮುಖ್ಯ; ಬರೀ ರಕ್ತದಲ್ಲಿ ಸಿಕ್ಕಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಯಾವ ಮಗುವಿಗೆ ಇದು ತಗುಲಿರುವುದಿಲ್ಲ ಹೇಳಿ?

ಆದರೂ ಇದು ಸಂಶೋಧನೆಯ ಸಾಧನ, ಸುಮ್ನೆ ಹೋಗಿ ಬರೆಸಿಕೊಂಡು ಬರುವ ಟೆಸ್ಟ್ ಅಲ್ಲ. ಎಂಟೆರೋವೈರಸ್‌ಗಳು ಒಂದನ್ನೊಂದು ಹೋಲುವುದರಿಂದ ಇಂಥದ್ದೇ ಅಂತ ಬೊಟ್ಟು ಮಾಡುವುದೂ ಕಷ್ಟ.

ಹುಡುಗನಿಗೆ ಐವಿಐಜಿ ಕೊಟ್ಟಿದ್ದಾರಾ ಕೇಳಿ. ಅದು ದಾನಿಗಳ ಆ್ಯಂಟಿಬಾಡಿ, ಕೊಟ್ಟ ಮೇಲೆ ತೆಗೆದ ಸ್ಯಾಂಪಲ್ ದಾರಿ ತಪ್ಪಿಸಬಹುದು. ಮೊದಲೇ ತೆಗೆದದ್ದು ಉಳಿದಿದ್ದರೆ ಎಸೆಯಬೇಡಿ ಅನ್ನಿ. ಇನ್ನೊಂದು, 15 ವರ್ಷದೊಳಗಿನವನಾದರೆ ಪೋಲಿಯೋ ನಿಗಾಕ್ಕೆಂದು ಮಲದ ಸ್ಯಾಂಪಲ್ 24 ಗಂಟೆ ಅಂತರದಲ್ಲಿ ಎರಡು ಸಲ ಹೋಗಬೇಕು, ಕೈ ಸೋತ 14 ದಿನದೊಳಗೆ. ಅದು ಹೋಗಿದೆಯಾ ಅಂತ ಇವತ್ತೇ ವಿಚಾರಿಸಿ.